ಒಂದು ಯಂತ್ರಕ್ಕೆ ಮೂರು ಗಾಯ: ಯಾವುದನ್ನು ಯಾವುದಕ್ಕೆ ಜೋಡಿಸಬಹುದು?

ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ನನ್ನ ಸೋದರಮಾವನನ್ನು ಹಾವೇರಿ ಜಿಲ್ಲೆಯ ಹಳ್ಳಿಯಿಂದ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆತಂದಾಗ ಅವರ ಮೈಮೇಲೆ ಮೂರು ಹಾಸಿಗೆ ಹುಣ್ಣುಗಳಿದ್ದವು. ಒಂದು ಬೆನ್ನಿನ ತಳದ ಮೂಳೆಯ ಮೇಲೆ, ಉಳಿದೆರಡು ಎಡ ಮತ್ತು ಬಲ ಚಪ್ಪೆಯ, ಅಂದರೆ ಸೊಂಟದ ಪಕ್ಕದ ಮೂಳೆಯ ಮೇಲೆ. ಕೊಳೆತ ಮಾಂಸವನ್ನು ಕತ್ತರಿಸಿ ತೆಗೆದು, ಮೂರೂ ಗಾಯಗಳಿಗೆ ಕಪ್ಪು ಸ್ಪಂಜು ತುಂಬಿ, ಮೇಲೆ ಪಾರದರ್ಶಕ ಅಂಟುಹಾಳೆ ಹಚ್ಚಿ, ಮೂರು ಕೊಳವೆಗಳನ್ನು ಗಾಯದ ಸ್ರಾವವನ್ನು ಹೀರಿ ತೆಗೆಯುವ ಒಂದೇ ಯಂತ್ರಕ್ಕೆ ಜೋಡಿಸಿದರು. ನಾಲ್ಕನೆಯ ದಿನ ನಸುಕಿನಲ್ಲಿ ಅತ್ತೆ ನರ್ಸನ್ನು ಕರೆದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಅಕ್ಕಾರ, ಮಷೀನು ಸುಮ್ಮನ ಐತ್ರಿ, ಆದರ ಈ ಮಗ್ಗಲದ್ದು ಉಬ್ಬೇತಿ ನೋಡ್ರಿ.” ಯಂತ್ರದ ಪರದೆಯ ಮೇಲೆ ಒತ್ತಡ ತೋರಿಸುವ 125 ಎಂಬ ಅಂಕಿ ನಿಶ್ಚಲವಾಗಿತ್ತು, ಎಚ್ಚರಿಕೆಯ ಸದ್ದು ಬಂದಿರಲಿಲ್ಲ. ಬಲ ಚಪ್ಪೆಯ ಸ್ಪಂಜು ಮಾತ್ರ ಮೆತ್ತಗಾಗಿ, ಹಾಳೆಯ ಕೆಳಗೆ ನೀರು ತುಂಬಿಕೊಂಡಿತ್ತು. ಆ ಕವಲಿನ ಕೊಳವೆ ಗಟ್ಟಿಯಾದ ಸ್ರಾವದಿಂದ ಕಟ್ಟಿಕೊಂಡು ರಾತ್ರಿಯೆಲ್ಲ ಆ ಗಾಯಕ್ಕೆ ಹೀರುವಿಕೆ ಸಿಕ್ಕಿರಲಿಲ್ಲ.

ಒಬ್ಬ ರೋಗಿಯ ಹಲವು ಗಾಯಗಳಿಗೆ ಒಂದೇ ಯಂತ್ರ ಬಳಸುವ ಪದ್ಧತಿಯ ಅನುಕೂಲವೂ ಅಪಾಯವೂ ಆ ಒಂದು ರಾತ್ರಿಯಲ್ಲೇ ಅಡಗಿವೆ ಎಂಬುದು ನನಗೆ ಅರ್ಥವಾದದ್ದು ಆಮೇಲೆ, ಈ ವಿಷಯವನ್ನು ಓದತೊಡಗಿದ ಮೇಲೆ.

ಆಸ್ಪತ್ರೆಯ ವಾರ್ಡುಗಳಲ್ಲಿ ಎಲ್ಲರೂ ‘ವ್ಯಾಕ್’ ಎಂದೇ ಕರೆಯುವ ಈ ವಿಧಾನಕ್ಕೆ ಪುಸ್ತಕದ ಹೆಸರು ಋಣಾತ್ಮಕ ಒತ್ತಡದ ಗಾಯ ಚಿಕಿತ್ಸೆ. ಜರ್ಮನಿಯಲ್ಲಿ ಫ್ಲೈಶ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಮೂಳೆ ಮುರಿದು ಹೊರಬಂದ ಗಾಯಗಳ ಮೇಲೆ ಇದನ್ನು ಪ್ರಯೋಗಿಸಿದ್ದರು. ಅಮೆರಿಕದ ನಾರ್ತ್ ಕ್ಯಾರೊಲಿನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಅರ್ಜೆಂಟಾ ಮತ್ತು ಮೊರಿಕ್ವಾಸ್ 1997ರಲ್ಲಿ ಪ್ರಕಟಿಸಿದ ಲೇಖನಗಳ ನಂತರ ಇದು ಜಗತ್ತಿನಾದ್ಯಂತ ಹರಡಿತು. ಹೆಚ್ಚಿನ ಯಂತ್ರಗಳಲ್ಲಿ ಇಂದಿಗೂ ಮೊದಲೇ ಹೊಂದಿಸಿರುವ ಒತ್ತಡ, ಅಂದರೆ ವಾತಾವರಣಕ್ಕಿಂತ ಪಾದರಸದ 125 ಮಿಲಿಮೀಟರಿನಷ್ಟು ಕಡಿಮೆ, ಅವರು ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಿಂದಲೇ ಬಂದದ್ದು. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಪಾದರಸದ 760 ಮಿಲಿಮೀಟರ್ ಎಂದುಕೊಂಡರೆ, ಸ್ಪಂಜಿನೊಳಗೆ ಅದರ ಸುಮಾರು ಆರನೆಯ ಒಂದು ಪಾಲು ಕಡಿಮೆಯಾಗಿರುತ್ತದೆ ಎಂದರ್ಥ. ಈ ವ್ಯತ್ಯಾಸ ಚಿಕ್ಕದಾಗಿ ಕಂಡರೂ ಕೆಲಸ ದೊಡ್ಡದು. ಸ್ಪಂಜಿನ 400ರಿಂದ 600 ಮೈಕ್ರಾನ್ ಅಗಲದ ರಂಧ್ರಗಳ ಮೂಲಕ ಗಾಯದ ಸ್ರಾವ ಹೊರಬರುತ್ತದೆ, ಸುತ್ತಲಿನ ಬಾವು ಇಳಿಯುತ್ತದೆ, ಗಾಯದ ಅಂಚುಗಳು ಒಳಕ್ಕೆ ಎಳೆಯಲ್ಪಡುತ್ತವೆ. ಗಾಯದ ತಳದ ಜೀವಕೋಶಗಳು ಸ್ಪಂಜಿನ ರಂಧ್ರಗಳಿಗೆ ಸಿಕ್ಕಿ ಹಿಗ್ಗಿ ಕುಗ್ಗುವುದರಿಂದ ಹೊಸ ರಕ್ತನಾಳಗಳೂ ಮಾಂಸಾಂಕುರವೂ ಬೆಳೆಯಲು ಪ್ರಚೋದನೆ ಸಿಗುತ್ತದೆ. ಕೊಳೆತ ಮಾಂಸವನ್ನು ಕರಗಿಸುವ ಶಕ್ತಿ ಮಾತ್ರ ಇದಕ್ಕಿಲ್ಲ. ಕತ್ತಿಯ ಕೆಲಸವನ್ನು ಕತ್ತಿಯೇ ಮೊದಲು ಮಾಡಬೇಕು.

ಹಲವು ಗಾಯಗಳ ಪ್ರಶ್ನೆ ನಮ್ಮ ಭಾಗದಲ್ಲಿ ಅಪರೂಪದ್ದೇನಲ್ಲ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಬೈಕಿನಿಂದ ಬಿದ್ದವನ ಮೊಣಕಾಲು, ಹಿಮ್ಮಡಿ, ಮೊಣಕೈ ಮೂರೂ ಒಟ್ಟಿಗೆ ತರಚಿ ಚರ್ಮ ಕಿತ್ತು ಬಂದಿರುತ್ತದೆ. ಟ್ರ್ಯಾಕ್ಟರಿನ ಕೆಳಗೆ ಕಾಲು ಜಜ್ಜಿಹೋದಾಗಲೂ, ಹಾವು ಕಚ್ಚಿದ ಕೆಲವು ಪ್ರಕರಣಗಳಲ್ಲಿಯೂ, ಸ್ನಾಯುಗಳ ಮೇಲಿನ ಒತ್ತಡ ಇಳಿಸಲು ಮೊಣಕಾಲ ಕೆಳಗೆ ಒಳಬದಿಗೊಂದು ಹೊರಬದಿಗೊಂದು ಉದ್ದನೆಯ ಸೀಳು ಹಾಕುತ್ತಾರೆ. ಅಲ್ಲಿಗೆ ಒಂದೇ ಕಾಲಿನಲ್ಲಿ ಎರಡು ದೊಡ್ಡ ಗಾಯಗಳು ತೆರೆದುಕೊಳ್ಳುತ್ತವೆ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಅಂಗಾಲಿಗೊಂದು ಹಿಮ್ಮಡಿಗೊಂದು ಹುಣ್ಣು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ 10 ಕೋಟಿ ದಾಟಿದೆ ಎಂದು ಅಂದಾಜಿಸಿದ ಮೇಲೆ ಈ ಪಾದದ ಹುಣ್ಣುಗಳ ಲೆಕ್ಕವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಇವರೆಲ್ಲ ಬಂದು ಸೇರುವುದು ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆ, ಗದಗ ಮತ್ತು ಹಾವೇರಿಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ, ಇಲ್ಲವೇ ಧಾರವಾಡ ರಸ್ತೆಯುದ್ದಕ್ಕೂ ಇರುವ ಖಾಸಗಿ ಆಸ್ಪತ್ರೆಗಳಿಗೆ. ಪ್ರತಿ ಗಾಯಕ್ಕೊಂದು ಯಂತ್ರ ಕೊಡುವಷ್ಟು ಅನುಕೂಲ ಯಾವ ಊರಿನಲ್ಲೂ ಇರುವುದಿಲ್ಲ. ಇದ್ದರೂ ಒಬ್ಬ ರೋಗಿಯ ಮಂಚಕ್ಕೆ ಮೂರು ಯಂತ್ರ, ಮೂರು ಡಬ್ಬಿ, ಮೂರು ವೈರು ಕಟ್ಟಿದರೆ ಅವನು ಶೌಚಕ್ಕೆ ಏಳುವುದೇ ಸಾಹಸವಾಗುತ್ತದೆ.

ಆದ್ದರಿಂದ ಜೋಡಿಸುವ ಎರಡು ವಿಧಾನಗಳು ಬಳಕೆಗೆ ಬಂದಿವೆ. ಮೊದಲನೆಯದು ವೈ ಕನೆಕ್ಟರ್: ಪ್ರತಿ ಗಾಯಕ್ಕೂ ತನ್ನದೇ ಸ್ಪಂಜು, ತನ್ನದೇ ಕೊಳವೆ; ಕೊಳವೆಗಳು ಮಾತ್ರ ಕವಲು ತುಂಡಿನಲ್ಲಿ ಕೂಡಿ ಒಂದಾಗಿ ಯಂತ್ರಕ್ಕೆ ಹೋಗುತ್ತವೆ. ಎರಡನೆಯದು ಸೇತುವೆ ಕಟ್ಟುವುದು: ಹತ್ತಿರಹತ್ತಿರ ಇರುವ ಎರಡು ಗಾಯಗಳ ಸ್ಪಂಜುಗಳ ನಡುವೆ ಇನ್ನೊಂದು ಸ್ಪಂಜಿನ ಪಟ್ಟಿ ಹಾಸಿ, ಎಲ್ಲದರ ಮೇಲೂ ಒಂದೇ ಹಾಳೆ ಹಚ್ಚಿ, ಒಂದೇ ಕೊಳವೆ ಇಡುವುದು. ಸೇತುವೆಯಲ್ಲಿ ಮರೆಯಬಾರದ ಸಂಗತಿಯೊಂದಿದೆ. ನಡುವಿನ ಗಟ್ಟಿ ಚರ್ಮದ ಮೇಲೆ ಮೊದಲು ಅಂಟುಹಾಳೆಯನ್ನು ಹಾಸಿ, ಅದರ ಮೇಲೆ ಸ್ಪಂಜಿನ ಪಟ್ಟಿ ಬರಬೇಕು. ಸ್ಪಂಜು ನೇರವಾಗಿ ಚರ್ಮಕ್ಕೆ ತಾಗಿದರೆ ಒಳ್ಳೆಯ ಚರ್ಮವೇ ಬೆಂದಂತೆ ಬಿಳಿಚಿ, ಎರಡು ಗಾಯವಿದ್ದ ಕಡೆ ಮೂರಾಗುತ್ತದೆ. ಇದೇ ಸೇತುವೆಗೆ ಇನ್ನೊಂದು ಉಪಯೋಗವೂ ಇದೆ: ಹಿಮ್ಮಡಿ ಅಥವಾ ಬೆನ್ನಿನ ತಳದ ಗಾಯದ ಮೇಲೆಯೇ ಕೊಳವೆಯ ತುದಿಯ ಗಟ್ಟಿ ಬಿಲ್ಲೆ ಕೂತರೆ ರೋಗಿ ಮಲಗಿದಾಗ ಅದೇ ಒತ್ತಿ ಹೊಸ ಹುಣ್ಣಾಗುತ್ತದೆ, ಪಟ್ಟಿಯನ್ನು ಹೊಟ್ಟೆಯ ಬದಿಗೋ ಕಾಲಿನ ಮೇಲ್ಭಾಗಕ್ಕೋ ಎಳೆದು ಬಿಲ್ಲೆಯನ್ನು ಅಲ್ಲಿ ಕೂರಿಸಬಹುದು. ಕಾಲಿನ ಸುತ್ತ ಬಳೆಯಂತೆ ಹಾಳೆಯನ್ನು ಸುತ್ತುವುದು ಮಾತ್ರ ಸಲ್ಲ, ಏಕೆಂದರೆ ಅದು ರಕ್ತದ ಓಡಾಟವನ್ನೇ ಬಿಗಿಯಬಹುದು.

ಯಂತ್ರವೊಂದಕ್ಕೆ ಎಷ್ಟು ಗಾಯಗಳನ್ನು ಜೋಡಿಸಬಹುದು ಎಂದು ಜನ ಕೇಳುತ್ತಾರೆ. ಅದು ತಪ್ಪು ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ. ಕೇಳಬೇಕಾದದ್ದು ಯಾವ ಗಾಯವನ್ನು ಯಾವುದರ ಜೊತೆ ಜೋಡಿಸಬಹುದು ಎಂದು. ಕಾಲಿನ ಎರಡು ಸೀಳುಗಳ ಉದಾಹರಣೆಯನ್ನೇ ತೆಗೆದುಕೊಳ್ಳಿ: ಎರಡೂ ಒಂದೇ ದಿನ, ಒಂದೇ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ, ಒಂದೇ ಕಾರಣಕ್ಕೆ ಆದವು, ಎರಡರ ಸ್ರಾವವೂ ಒಂದೇ ತರಹದ್ದು, ಎರಡೂ ಕೆಲವೇ ದಿನಗಳಲ್ಲಿ ಒಟ್ಟಿಗೆ ಹೊಲಿಗೆಗೋ ಚರ್ಮದ ಕಸಿಗೋ ಸಿದ್ಧವಾಗುತ್ತವೆ. ಇವನ್ನು ಜೋಡಿಸದಿದ್ದರೇ ಆಶ್ಚರ್ಯ. ಇದಕ್ಕೆ ವಿರುದ್ಧವಾಗಿ, ಕೀವು ಬರುತ್ತಿರುವ ಪಾದದ ಹುಣ್ಣನ್ನು ತೊಡೆಯ ಮೇಲಿನ ಶುದ್ಧ ಗಾಯದ ಜೊತೆ ಒಂದೇ ಕವಲಿಗೆ ಹಾಕುವುದು ಆ ಶುದ್ಧ ಗಾಯಕ್ಕೆ ಮಾಡುವ ಅನ್ಯಾಯ; ಸೋಂಕಿರುವ ಗಾಯವನ್ನು ಸೋಂಕಿಲ್ಲದ ಗಾಯಕ್ಕೆ ಜೋಡಿಸಬಾರದು ಎಂದು ತಯಾರಕರ ಸೂಚನೆಗಳೂ ಹೇಳುತ್ತವೆ. ಹೀರುವಿಕೆ ಸದಾ ಹೊರಮುಖವಾಗಿಯೇ ಇದ್ದರೆ ಒಂದರ ಕೀವು ಇನ್ನೊಂದಕ್ಕೆ ಹೋಗುವುದು ಹೇಗೆ ಎಂದು ಕೇಳಬಹುದು. ಯಂತ್ರ ನಿಂತಾಗ, ಬ್ಯಾಟರಿ ಮುಗಿದಾಗ, ರೋಗಿಯನ್ನು ಮಗ್ಗುಲು ಬದಲಿಸುವಾಗ ಕೊಳವೆಯಲ್ಲಿ ನಿಂತ ದ್ರವ ಇಳಿಜಾರಿನ ಕಡೆಗೆ ಹರಿಯುತ್ತದೆ ಎಂಬುದೇ ಉತ್ತರ. ಕವಲಿನಲ್ಲಿ ಎರಡು ಗಾಯಗಳ ನಡುವೆ ಬಾಗಿಲಿಲ್ಲ.

ಸೋಂಕಿನ ಮಾತು ಬದಿಗಿಟ್ಟರೂ ಒಂದೊಂದು ಗಾಯದ ಗತಿ ಒಂದೊಂದು ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಇದರ ಬಗ್ಗೆ ಚರ್ಚೆ ಕಡಿಮೆ. ಸಾಮಾನ್ಯ ಗಾಯದ ಸ್ಪಂಜನ್ನು 48ರಿಂದ 72 ತಾಸಿಗೊಮ್ಮೆ ಬದಲಿಸಿದರೆ ಸಾಕು. ಸೋಂಕಿನ ಗಾಯಕ್ಕೆ ಇನ್ನೂ ಬೇಗ, ಕೆಲವೊಮ್ಮೆ 12 ಅಥವಾ 24 ತಾಸಿಗೇ ಬದಲಿಸಬೇಕಾಗುತ್ತದೆ. ಚರ್ಮದ ಕಸಿಯ ಮೇಲೆ ಕೂರಿಸಿದ ಸ್ಪಂಜನ್ನು ನಾಲ್ಕೈದು ದಿನ ಮುಟ್ಟುವಂತೆಯೇ ಇಲ್ಲ, ಮುಟ್ಟಿದರೆ ಕಸಿಯೇ ಕಿತ್ತು ಬರುತ್ತದೆ. ಒತ್ತಡವೂ ಹಾಗೆಯೇ. ನೋವು ತಾಳದ ರೋಗಿಗೆ, ರಕ್ತದ ಹರಿವು ಕಡಿಮೆಯಿರುವ ಪಾದಕ್ಕೆ 125ಕ್ಕಿಂತ ಕಡಿಮೆ ಇಡಲು ವೈದ್ಯರು ಬಯಸಬಹುದು. ಒಂದೇ ಯಂತ್ರವಾದರೆ ಎಲ್ಲ ಗಾಯಗಳಿಗೂ ಒಂದೇ ಅಂಕಿ. ಮನೆಯಲ್ಲಿ ಜ್ವರದವರಿಗೂ ಉಪವಾಸದವರಿಗೂ ಊರಿಂದ ಬಂದ ನೆಂಟರಿಗೂ ಒಂದೇ ತಾಟಿನಲ್ಲಿ ಬಡಿಸಿದ ಹಾಗೆ. ನನ್ನ ಮಾವನ ವಿಷಯದಲ್ಲಿ ಎರಡು ಚಪ್ಪೆಯ ಹುಣ್ಣುಗಳು ಸ್ವಚ್ಛವಾಗಿದ್ದವು, ಬೆನ್ನಿನ ತಳದ್ದು ಮಾತ್ರ ಮಲದ್ವಾರಕ್ಕೆ ಹತ್ತಿರವಿದ್ದು ಹಾಳೆ ಪದೇಪದೇ ಬಿಡುತ್ತಿತ್ತು, ಪದೇಪದೇ ಮಲಿನವಾಗುತ್ತಿತ್ತು. ಈಗ ನನಗನ್ನಿಸುತ್ತದೆ: ಚಪ್ಪೆಯವೆರಡನ್ನು ಒಂದು ಯಂತ್ರಕ್ಕೆ, ಬೆನ್ನಿನದನ್ನು ಬೇರೆಯದಕ್ಕೆ ಹಾಕಬೇಕಿತ್ತು. ಆಗ ಹೇಳುವ ತಿಳಿವಳಿಕೆ ನಮಗಿರಲಿಲ್ಲ, ಇದ್ದರೂ ಎರಡನೆಯ ಯಂತ್ರದ ಬಾಡಿಗೆಯ ಮಾತು ಬಂದಾಗ ಬಾಯಿ ಮುಚ್ಚುತ್ತಿದ್ದೆವೇನೋ.

ಮತ್ತೆ ಆ ನಸುಕಿನ ಸಂಗತಿಗೆ ಬರೋಣ. ನಮ್ಮ ಕಡೆಯ ರೈತರಿಗೆ ಇದು ಬೇಗ ತಿಳಿಯುತ್ತದೆ. ಒಂದೇ ಪಂಪಸೆಟ್ಟಿನಿಂದ ಎರಡು ಹೊಲಕ್ಕೆ ಪೈಪು ಎಳೆದಾಗ ಒಂದು ಪೈಪು ಒಡೆದರೆ ಇನ್ನೊಂದು ಹೊಲಕ್ಕೂ ನೀರು ಬರುವುದಿಲ್ಲ. ಅದು ಕೂಡಲೇ ಗೊತ್ತಾಗುತ್ತದೆ. ಒಂದು ಪೈಪಿನಲ್ಲಿ ಕಸ ಸಿಕ್ಕಿ ಕಟ್ಟಿಕೊಂಡರೆ ಮಾತ್ರ ಇನ್ನೊಂದು ಹೊಲಕ್ಕೆ ನೀರು ಚೆನ್ನಾಗಿಯೇ ಹೋಗುತ್ತಿರುತ್ತದೆ, ಮೋಟರು ಯಾವ ಗೊಣಗಾಟವೂ ಇಲ್ಲದೆ ಓಡುತ್ತಿರುತ್ತದೆ, ಒಣಗಿದ ಹೊಲವನ್ನು ಹೋಗಿ ನೋಡಿದವನಿಗಷ್ಟೇ ಸುದ್ದಿ. ಗಾಯದ ಯಂತ್ರದಲ್ಲಿಯೂ ಹೀಗೆಯೇ. ಒಂದು ಕಡೆ ಹಾಳೆ ಬಿಟ್ಟು ಗಾಳಿ ನುಗ್ಗಿದರೆ ಎಲ್ಲ ಗಾಯಗಳ ಹೀರುವಿಕೆಯೂ ಬೀಳುತ್ತದೆ, ಯಂತ್ರ ಕೂಗುತ್ತದೆ. ಆದರೆ ಸೋರುತ್ತಿರುವುದು ಮೂರರಲ್ಲಿ ಯಾವುದು ಎಂದು ಅದು ಹೇಳಲಾರದು. ಕವಲಿನಾಚೆ ಒಂದು ಕೊಳವೆ ಕಟ್ಟಿಕೊಂಡರೆ ಉಳಿದೆರಡು ಕವಲುಗಳು ಒತ್ತಡವನ್ನು ಹಿಡಿದುಕೊಂಡಿರುವುದರಿಂದ ಪರದೆಯ ಮೇಲಿನ ಅಂಕಿ ಕದಲದೆ ಇರಬಹುದು. ಒಂಟಿ ಗಾಯದಲ್ಲಿ ಕೊಳವೆ ಕಟ್ಟಿದರೆ ಪತ್ತೆಹಚ್ಚಲೆಂದೇ ಮಾಡಿದ ಎಚ್ಚರಿಕೆ ವ್ಯವಸ್ಥೆ ಇಲ್ಲಿ ಅರ್ಧ ಕುರುಡಾಗುತ್ತದೆ.

ಹಾಗಾಗಿ ಕಣ್ಣು ಮತ್ತು ಬೆರಳುಗಳೇ ಉಳಿಯುವ ಉಪಾಯ. ಹೀರುವಿಕೆ ಸಿಗುತ್ತಿರುವ ಸ್ಪಂಜು ಬ್ಯಾಡಗಿ ಮೆಣಸಿನಕಾಯಿಯ ಸಿಪ್ಪೆಯಂತೆ ಸುಕ್ಕುಗಟ್ಟಿ, ಚರ್ಮದ ಮಟ್ಟಕ್ಕಿಂತ ಕೆಳಗಿಳಿದು, ಒತ್ತಿದರೆ ಗಟ್ಟಿಯಾಗಿರುತ್ತದೆ. ಸಿಗದಿರುವುದು ಉಬ್ಬಿ ಮೆತ್ತಗಾಗುತ್ತದೆ. ಪ್ರತಿ ಗಾಯವನ್ನೂ ಪ್ರತ್ಯೇಕವಾಗಿ ಮುಟ್ಟಿ ನೋಡುವುದು ಎರಡು ಮೂರು ನಿಮಿಷದ ಕೆಲಸ, ಅದನ್ನು ರೋಗಿಯ ಮನೆಯವರಿಗೂ ಕಲಿಸಬಹುದು. ನನ್ನ ಅತ್ತೆಗೆ ಯಾರೂ ಕಲಿಸಿರಲಿಲ್ಲ. ರಕ್ತದ ವಿಷಯವೂ ಇದಕ್ಕೆ ಅಂಟಿಕೊಂಡೇ ಇದೆ. ಮೂರು ಗಾಯಗಳ ಸ್ರಾವ ಒಂದೇ ಡಬ್ಬಿಯಲ್ಲಿ ಬೆರೆತಾಗ ಡಬ್ಬಿಯ ಬಣ್ಣ ನೋಡಿ ಯಾವ ಗಾಯದಲ್ಲಿ ರಕ್ತ ಹರಿಯುತ್ತಿದೆ ಎಂದು ತಿಳಿಯುವುದಿಲ್ಲ, ಕವಲಿಗೆ ಸೇರುವ ಮುಂಚಿನ ಕೊಳವೆಯನ್ನೇ ನೋಡಬೇಕು. ಅಲ್ಲಿ ಕೆಂಪು ರಕ್ತ ಹರಿಯುತ್ತಿದ್ದರೆ ಯಂತ್ರವನ್ನು ತಕ್ಷಣ ನಿಲ್ಲಿಸಿ, ಗಾಯವನ್ನು ಒತ್ತಿ ಹಿಡಿದು, ವೈದ್ಯರನ್ನು ಕರೆಯಬೇಕು. ಡಬ್ಬಿಯ ಲೆಕ್ಕವನ್ನೂ ಹಾಕಿಕೊಳ್ಳಬೇಕು: ಒಂದೊಂದು ಗಾಯದಿಂದ ದಿನಕ್ಕೆ 120 ಮಿಲಿಲೀಟರ್ ಬಂದರೂ ಮೂರರಿಂದ 360, ಅಂದರೆ 300 ಮಿಲಿಲೀಟರಿನ ಡಬ್ಬಿ ದಿನ ಪೂರ್ತಿ ಆಗುವ ಮೊದಲೇ ತುಂಬಿ ಯಂತ್ರ ನಿಲ್ಲುತ್ತದೆ. ಆ ಡಬ್ಬಿಯಲ್ಲಿ ಹೋಗುವುದು ಬರೀ ನೀರಲ್ಲ, ದೇಹದ ಪ್ರೋಟೀನ್. ವಾರಗಟ್ಟಲೆ ಹೀಗೆ ಹರಿದುಹೋಗುವಾಗ ರೋಗಿ ಗಂಜಿ ಮತ್ತು ರೊಟ್ಟಿಯ ಚೂರಿನ ಮೇಲಿದ್ದರೆ ಗಾಯ ತುಂಬಲು ಸಾಮಗ್ರಿ ಎಲ್ಲಿಂದ ಬರಬೇಕು?

ಇದು ಅತಿ ಎಚ್ಚರಿಕೆಯ ಮಾತಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಈ ಯಂತ್ರಗಳ ಬಳಕೆಯ ಸಂದರ್ಭದಲ್ಲಿ ಎರಡು ವರ್ಷಗಳಲ್ಲಿ 6 ಸಾವು ಮತ್ತು 77 ಹಾನಿಯ ಪ್ರಕರಣಗಳು ವರದಿಯಾಗಿವೆ ಎಂದು ಎಚ್ಚರಿಸಿತು. 2011ರ ಹೊತ್ತಿಗೆ ಈ ಸಂಖ್ಯೆ 12 ಸಾವು, 174 ಹಾನಿಗೆ ಏರಿತ್ತು. ಅತ್ಯಂತ ಗಂಭೀರವಾದದ್ದು ರಕ್ತಸ್ರಾವ. ಸಾವುಗಳಲ್ಲಿ ಹೆಚ್ಚಿನವು ಮನೆಯಲ್ಲಿ ಅಥವಾ ದೀರ್ಘಕಾಲದ ಆರೈಕೆ ಕೇಂದ್ರಗಳಲ್ಲಿ ಆದವು. ಮೊದಲ 77 ಪ್ರಕರಣಗಳಲ್ಲಿ 32ರಲ್ಲಿ ಸ್ಪಂಜಿನ ಚೂರು ಗಾಯದೊಳಗೇ ಉಳಿದುಹೋಗಿತ್ತು ಅಥವಾ ಅಂಟಿಕೊಂಡಿತ್ತು ಎಂಬ ವಿವರವನ್ನು ಹಲವು ಗಾಯಗಳ ಸಂದರ್ಭದಲ್ಲಿ ಇನ್ನೂ ಗಮನವಿಟ್ಟು ಓದಬೇಕು. ಒಂದು ಗಾಯದೊಳಗೆ ಎರಡು ತುಂಡು, ಇನ್ನೊಂದರ ಸುರಂಗದಂಥ ಆಳದ ಸಂದಿಯಲ್ಲಿ ಒಂದು ಬಿಳಿ ಸ್ಪಂಜಿನ ತುಂಡು, ಸೇತುವೆಗೆ ಒಂದು ಎಂದು ಇಟ್ಟವರು ಒಬ್ಬರು, ಮೂರನೆಯ ದಿನ ತೆಗೆಯುವವರು ಇನ್ನೊಂದು ಪಾಳಿಯವರು. ಪ್ರತಿ ಗಾಯದ ಹಾಳೆಯ ಮೇಲೆಯೇ ತುಂಡುಗಳ ಸಂಖ್ಯೆ ಮತ್ತು ದಿನಾಂಕವನ್ನು ಶಾಯಿಯಿಂದ ಬರೆದು, ಕೇಸ್ ಶೀಟಿನಲ್ಲಿಯೂ ದಾಖಲಿಸುವ ಕ್ರಮಕ್ಕೆ ಒಂದು ಪೆನ್ನಿಗಿಂತ ಹೆಚ್ಚಿನ ಖರ್ಚಿಲ್ಲ. ಇಷ್ಟರ ಮೇಲೆ, ರಕ್ತನಾಳ, ನರ ಅಥವಾ ಅಂಗಾಂಗ ತೆರೆದು ಕಾಣುತ್ತಿರುವ ಗಾಯ, ಕ್ಯಾನ್ಸರ್ ಇರುವ ಗಾಯ, ಚಿಕಿತ್ಸೆಯಾಗದ ಮೂಳೆಯ ಸೋಂಕು, ಕಪ್ಪಾದ ಸತ್ತ ಮಾಂಸ ಇವುಗಳಿಗೆ ಈ ವಿಧಾನವೇ ನಿಷಿದ್ಧ. ಮೂರರಲ್ಲಿ ಒಂದು ಹಾಗಿದ್ದರೆ ಅದನ್ನು ಉಳಿದವುಗಳ ಜೊತೆಗೆ ‘ಹೇಗೂ ಯಂತ್ರ ಹಚ್ಚಿದ್ದೇವಲ್ಲ’ ಎಂದು ಸೇರಿಸುವಂತಿಲ್ಲ.

ಈ ಚಿಕಿತ್ಸೆಯಿಂದ ಎಷ್ಟು ಉಪಯೋಗ ಎಂಬುದರ ಬಗ್ಗೆಯೂ ಉತ್ಸಾಹವನ್ನು ಸ್ವಲ್ಪ ಹಿಡಿದಿಡುವುದು ಒಳ್ಳೆಯದು. ಸಕ್ಕರೆ ಕಾಯಿಲೆಯಿಂದ ಪಾದದ ಭಾಗ ಕತ್ತರಿಸಿದ 162 ರೋಗಿಗಳ ಮೇಲೆ ನಡೆದು 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ 16 ವಾರಗಳಲ್ಲಿ ಗಾಯ ಮಾಗಿದವರು ಯಂತ್ರದ ಗುಂಪಿನಲ್ಲಿ ಶೇ. 56, ಸಾಮಾನ್ಯ ಡ್ರೆಸ್ಸಿಂಗಿನಲ್ಲಿ ಶೇ. 39. ಆದರೆ ಬ್ರಿಟನ್ನಿನಲ್ಲಿ ಕಾಲಿನ ಮೂಳೆ ಮುರಿದು ತೆರೆದುಕೊಂಡಿದ್ದ 460 ರೋಗಿಗಳ ಅಧ್ಯಯನ 2018ರಲ್ಲಿ ಪ್ರಕಟವಾದಾಗ, ಒಂದು ವರ್ಷದ ನಂತರದ ಅಂಗವೈಕಲ್ಯದಲ್ಲಾಗಲಿ ಆಳದ ಸೋಂಕಿನಲ್ಲಾಗಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಯಂತ್ರ ಎಲ್ಲ ಗಾಯಕ್ಕೂ ಬೇಕೇಬೇಕೆಂದಲ್ಲ. ಮೂರು ಗಾಯಗಳಿರುವ ರೋಗಿಯಲ್ಲಿ ಸ್ರಾವ ಹೆಚ್ಚಿರುವ ಆಳದ ಎರಡಕ್ಕೆ ಯಂತ್ರ ಹಾಕಿ, ಮೇಲುಮೇಲಿನ ಮೂರನೆಯದಕ್ಕೆ ಉಪ್ಪುನೀರಿನ ಗಾಜ್ ಪಟ್ಟಿ ಕಟ್ಟುವ ನಿರ್ಧಾರ ಜಿಪುಣತನವಲ್ಲ, ವಿವೇಕ. ಹಾಗೆ ಮಾಡಿದರೆ ಜೋಡಣೆಯ ಅರ್ಧ ತೊಡಕುಗಳು ತಾವಾಗಿಯೇ ಕರಗುತ್ತವೆ. ಯಂತ್ರ ಹಚ್ಚಿದರೂ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವ ಕೆಲಸ ತಪ್ಪುವುದಿಲ್ಲ ಎಂಬುದನ್ನು ಹಾಸಿಗೆ ಹುಣ್ಣಿನ ರೋಗಿಗಳ ಮನೆಯವರು ತಿಳಿದಿರಬೇಕು.

ಖರ್ಚಿನ ಒತ್ತಡದಲ್ಲಿ ನಮ್ಮ ದೇಶದ ಅನೇಕ ಆಸ್ಪತ್ರೆಗಳು ತಾವೇ ವ್ಯಾಕ್ ಕಟ್ಟಿಕೊಳ್ಳುತ್ತವೆ: ಶುದ್ಧೀಕರಿಸಿದ ಸ್ಪಂಜು, ರಂಧ್ರ ಮಾಡಿದ ರೈಲ್ಸ್ ಟ್ಯೂಬು (ಮೂಗಿನಿಂದ ಹೊಟ್ಟೆಗೆ ಹಾಕುವ ಕೊಳವೆ), ಅಂಟುಹಾಳೆ, ಗೋಡೆಯ ಸಕ್ಷನ್ ಅಂದರೆ ವಾರ್ಡಿನ ಗೋಡೆಯಲ್ಲಿರುವ ಹೀರುವ ವ್ಯವಸ್ಥೆ. ಇದನ್ನು ಹೀಗಳೆಯುವ ಹಕ್ಕು ನನಗಿಲ್ಲ, ಇದರಿಂದ ಕಾಲು ಉಳಿದವರಿದ್ದಾರೆ. ಒಂದೇ ಗಾಯವಾಗಿದ್ದು, ಒತ್ತಡ ನಿಯಂತ್ರಕ ಸರಿಯಾಗಿದ್ದು, ನೋಡಿಕೊಳ್ಳುವವರಿದ್ದರೆ ಅದು ನಡೆಯುತ್ತದೆ. ಆದರೆ ಗೋಡೆಯ ಸಕ್ಷನ್‌ಗೆ ಸೋರಿಕೆಯನ್ನೂ ಅಡಚಣೆಯನ್ನೂ ತಿಳಿಸುವ ಎಚ್ಚರಿಕೆಯೇ ಇರುವುದಿಲ್ಲ, ನಿಯಂತ್ರಕ ಕೆಟ್ಟರೆ ಎಳೆತ ಅಗತ್ಯಕ್ಕಿಂತ ಬಹಳ ಹೆಚ್ಚಾಗಬಹುದು. ಹೀಗಿರುವಾಗ ಅದೇ ಗೋಡೆಯ ಕೊಳವೆಗೆ ಕವಲು ಹಾಕಿ ಮೂರು ಗಾಯಗಳನ್ನು ಜೋಡಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಯಂತ್ರದ ಅರ್ಧ ಕುರುಡು ಅಲ್ಲಿ ಪೂರ್ತಿ ಕುರುಡಾಗುತ್ತದೆ.

ಕೊನೆಯದಾಗಿ ಮನೆಗೆ ಕಳಿಸುವ ವಿಷಯ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರು, ಹಾವೇರಿ ಜಿಲ್ಲೆಯ ದಕ್ಷಿಣದ ತಾಲೂಕುಗಳಿಂದ ಅದಕ್ಕಿಂತ ಬಹಳ ದೂರ. ವಾರಕ್ಕೆ ಮೂರು ಸಲ ಮಲಗಿಸಿಕೊಂಡು ಗಾಡಿಯಲ್ಲಿ ಕರೆತರುವುದು ಆಗದ ಮಾತು. ಹೀಗಾಗಿ ಬಾಡಿಗೆಯ ಯಂತ್ರ ಕೊಟ್ಟು ಕಳಿಸಿ, ಡ್ರೆಸ್ಸಿಂಗ್ ಬದಲಿಸುವುದನ್ನು ತಾಲೂಕು ಆಸ್ಪತ್ರೆಗೆ ಬಿಡುವ ಪ್ರಸಂಗಗಳು ಬರುತ್ತವೆ. ಆಗ ಡಿಸ್ಚಾರ್ಜ್ ಚೀಟಿಯಲ್ಲಿ ಔಷಧಗಳ ಪಟ್ಟಿಯಷ್ಟೇ ಇದ್ದರೆ ಸಾಲದು. ಯಾವ ಗಾಯದಲ್ಲಿ ಎಷ್ಟು ತುಂಡು ಸ್ಪಂಜಿದೆ, ಯಾವುದು ಯಾವ ಕವಲಿಗೆ ಸೇರಿದೆ, ಎಷ್ಟು ಒತ್ತಡ, ರಕ್ತ ತೆಳುಗೊಳಿಸುವ ಮಾತ್ರೆ ನಡೆದಿದೆಯೇ ಎಂಬುದೂ ಇರಬೇಕು. ಕರೆಂಟು ಹೋದಾಗ ಬ್ಯಾಟರಿ ಎಷ್ಟು ತಾಸು ನಡೆಯುತ್ತದೆ ಎಂದು ಮನೆಗೆ ಹೋಗುವ ಮೊದಲೇ ನಡೆಸಿ ನೋಡಿಕೊಳ್ಳಬೇಕು. ಹೀರುವಿಕೆ ಎರಡು ತಾಸಿಗಿಂತ ಹೆಚ್ಚು ಹೊತ್ತು ನಿಂತರೆ ಹಾಳೆಯ ಕೆಳಗೆ ಮುಚ್ಚಿಟ್ಟ ಸ್ರಾವದಲ್ಲಿ ಸೋಂಕು ಬೆಳೆಯಬಹುದು. ಆಗ ಕೂಗಿದ ಯಂತ್ರ ಒಂದೇ ಆದರೂ ಬಿಚ್ಚಬೇಕಾದದ್ದು ಮೂರೂ ಗಾಯಗಳ ಸ್ಪಂಜುಗಳನ್ನು, ಮತ್ತು ಮೂರಕ್ಕೂ ಉಪ್ಪುನೀರಿನಲ್ಲಿ ನೆನೆಸಿದ ಶುದ್ಧ ಗಾಜ್ ಪಟ್ಟಿ ಕಟ್ಟಬೇಕು. ಆ ಗಾಜ್ ಮತ್ತು ಸಲೈನ್ ಬಾಟಲಿಯನ್ನು ಯಂತ್ರದ ಚೀಲದಲ್ಲೇ ಇಟ್ಟು, ಅದನ್ನು ಬಿಚ್ಚಿ ಕಟ್ಟುವುದು ಹೇಗೆಂದು ಮನೆಯವರಲ್ಲಿ ಒಬ್ಬರ ಕೈಯಿಂದ ವಾರ್ಡಿನಲ್ಲೇ ಒಮ್ಮೆ ಮಾಡಿಸಿ ಕಳಿಸಬೇಕು.